ನಾಲ್ಕು ಬೆರಳು ಮಡಿಕೆ

"ಅಕ್ಕಾ, ಇದೇನಿದು?" ಎಂದು ಸಿನಿಮಾದ ಕಾಸ್ಟ್ಯೂಮ್ ಮಾಸ್ಟರ್ ಬೂದು ಬಣ್ಣದ ಪ್ಯಾಂಟೊಂದರ ಕಾಲಿನ ತುದಿಯನ್ನು ತಿರುವಿ ಹೊಲಿಗೆ ಅಕ್ಕನ ಮುಖಕ್ಕೆ ಹಿಡಿದ. ಮಡಿಕೆಯೊಳಗೆ ನಾಲ್ಕು ಬೆರಳು ಬಟ್ಟೆ ಸುಮ್ಮನೆ ಕೂತಿತ್ತು. ಇನ್ನೊಂದನ್ನು ತಿರುವಿದ, ಅಲ್ಲೂ ನಾಲ್ಕು ಬೆರಳು. ಹೊಲಿದಿಟ್ಟಿದ್ದ ಮೂವತ್ತೊಂಬತ್ತು ಪ್ಯಾಂಟಿನಲ್ಲೂ ಇದೇ ಕಥೆ. ನಲವತ್ತನೆಯದಕ್ಕೆ ಬಟ್ಟೆ ಉಳಿದಿರಲಿಲ್ಲ.

ಹೊಲಿಗೆ ಅಕ್ಕ ಕತ್ತರಿ ಕೆಳಗಿಟ್ಟಳು. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಮಾಡಿದ್ದು. ಎಳೆ ಹುಡುಗರ ಅಳತೆ ಬಂದರೆ ಮೂವತ್ತು ವರ್ಷದಿಂದ ಅವಳು ಮಡಿಕೆ ಬಿಟ್ಟೇ ಹೊಲಿಯುವುದು. ಬರುವ ವರ್ಷ ಬಿಚ್ಚಿ ಉದ್ದ ಮಾಡಿಕೊಳ್ಳಬಹುದಲ್ಲ! ಮಹಾಯುದ್ಧವನ್ನು ಸಾಮಾನ್ಯ ಜರ್ಮನ್ ಸಿಪಾಯಿಗಳ ಕಣ್ಣಿನಿಂದ ತೋರಿಸುವ ಸಿನಿಮಾ ಇದು ಎಂದು ನಿರ್ದೇಶಕರು ಮೊದಲ ದಿನವೇ ಎಲ್ಲರನ್ನೂ ಕೂರಿಸಿಕೊಂಡು ವಿವರಿಸಿದ್ದರು. ಅವಳ ಕಣ್ಣಿಗೆ ಬಿದ್ದದ್ದು ಮಾತ್ರ ಸೊಂಟ ಇಪ್ಪತ್ತೆಂಟು, ಎದೆ ಮೂವತ್ನಾಲ್ಕು. ಜರ್ಮನ್ನರೋ ಮತ್ತೊಬ್ಬರೋ, ಇನ್ನೂ ಬೆಳೆಯುವ ಮಕ್ಕಳು.

"ಬೂಟಿನೊಳಗೆ ತುರುಕೋ ತುದಿಗೆ ಇಷ್ಟು ಬಟ್ಟೆನಾ? ಅದೂ ಮಧ್ಯಾಹ್ನ ಸಾಯೋರಿಗೆ! ಸತ್ತ ಮೇಲೆ ಯಾರಾದ್ರೂ ಬೆಳೀತಾರಾ ಅಕ್ಕಾ?" ಎಂದ ಮಾಸ್ಟರ್ ತಕ್ಷಣ ನಾಲಿಗೆ ಕಚ್ಚಿಕೊಂಡ. ಹನ್ನೊಂದು ವರ್ಷದ ಹಿಂದೆ ಯುದ್ಧಕ್ಕೆ ಹೋದ ಅವಳ ಒಬ್ಬನೇ ಮಗ ಹದಿನೆಂಟಕ್ಕೇ ನಿಂತುಬಿಟ್ಟದ್ದು ಅವನಿಗೆ ಗೊತ್ತಿತ್ತು.

"ಬಿಡು, ತಪ್ಪು ನಂದೇ," ಅಂದಳು. "ಯಾರಿಗೆ ಕಮ್ಮಿ ಬಿತ್ತು?"

"ಇನ್ಯಾರಿಗೆ, ಏಣಿಗೆ. ಗಿರಣಿಯಿಂದ ಬಟ್ಟೆ ಬರೋಕೆ ಎರಡು ದಿನ. ಶೂಟಿಂಗ್‌ಗೆ ಇರೋದು ಮೂರು ಗಂಟೆ. ಅವನ ಪಾತ್ರ ಕೈಬಿಟ್ಟ ಹಾಗೇ ಲೆಕ್ಕ."

ಏಣಿ ಬಾಗಿಲಲ್ಲೇ ನಿಂತಿದ್ದ. ಮೇಲೆ ಸಿಪಾಯಿ ಕೋಟು, ಕೆಳಗೆ ಟವೆಲ್ಲು. ಹುಡುಗನ ಎತ್ತರಕ್ಕೆ ತಕ್ಕ ಹೆಸರನ್ನು ಸೆಟ್ಟಿನವರೇ ಇಟ್ಟಿದ್ದರು. ಇಡೀ ಸಿನಿಮಾದಲ್ಲಿ ಅವನಿಗೆ ಇದ್ದದ್ದು ಒಂದೇ ಮಾತು: "ಮನೆಯಿಂದ ಕಾಗದ ಬಂತಾ?" ವಾರವಿಡೀ ಅದನ್ನೇ ಹೇಳಿ ಹೇಳಿ ಹೊಲಿಗೆ ಕೋಣೆಯವರಿಗೆಲ್ಲ ಬಾಯಿಪಾಠವಾಗಿತ್ತು.

"ಅಮ್ಮಾ, ಪರಿಚಯದವರಿಗೆಲ್ಲ ಹೇಳ್ಕೊಂಡು ಬಂದಿದ್ದೀನಿ. ನನ್ನ ಮಾನ ನಿಮ್ಮ ಕೈಲಿದೆ."

"ಸದ್ಯಕ್ಕೆ ಅದು ಟವೆಲ್ ಕೈಲಿದೆ, ಗಟ್ಟಿಯಾಗಿ ಹಿಡ್ಕೋ. ಬಂದೆ ಇರು."

ಎರಡು ಬೀದಿ ಆಚೆಗೆ ಅವಳ ಮನೆ. ಟ್ರಂಕಿನ ತಳದಿಂದ ಮಗನ ಪ್ಯಾಂಟು ತೆಗೆದಳು. ಅದೂ ಬೂದು, ಚಳಿಗಾಲಕ್ಕೆಂದು ಹೊಲಿದ ದಪ್ಪ ಬಟ್ಟೆ. "ಮಡಿಕೆ ಭಾರ ಕಣಮ್ಮಾ, ಕಾಲಿಗೆ ಇಟ್ಟಿಗೆ ಕಟ್ಟಿದ ಹಾಗಿದೆ," ಎಂದು ಅವನು ರಗಳೆ ಮಾಡಿದ್ದ. "ಸುಮ್ನಿರೋ, ವರ್ಷ ತಿರುಗೋದ್ರೊಳಗೆ ನೀನೇ ಬಂದು ಬಿಚ್ಚಿಕೊಡು ಅಂತೀಯ," ಎಂದು ಇವಳು ಗದರಿದ್ದಳು. ವರ್ಷ ತಿರುಗುವುದರೊಳಗೆ ಸೈನ್ಯದವರು ಬೇರೆ ಪ್ಯಾಂಟು ಕೊಟ್ಟಿದ್ದರು. ಈ ಮಡಿಕೆಯನ್ನು ಅವಳು ಹನ್ನೊಂದು ವರ್ಷ ಮುಟ್ಟಿರಲಿಲ್ಲ. ಬದುಕಿದ್ದರೆ ಎಷ್ಟುದ್ದ ಆಗುತ್ತಿದ್ದ ಎಂಬ ಒಂದೇ ಒಂದು ಯೋಚನೆ ಆಗಾಗ ಬರುತ್ತಿತ್ತು.

ಬ್ಲೇಡು ತೆಗೆದುಕೊಂಡು ಒಂದೊಂದೇ ಹೊಲಿಗೆ ಕತ್ತರಿಸಿದಳು. ಮೇಲಿನ ಬಟ್ಟೆ ಒಗೆದು ಒಗೆದು ಬಿಳಿಚಿಕೊಂಡಿತ್ತು. ಒಳಗೆ ಇದ್ದದ್ದು ಮಾತ್ರ ಅಂಗಡಿಯಿಂದ ತಂದ ದಿನದ ಬಣ್ಣ, ಬಿಸಿಲನ್ನೇ ಕಾಣದ ಅಚ್ಚ ಹೊಸದು. ಅತ್ತರೆ ಕಣ್ಣು ಮಂಜಾಗಿ ಬಟ್ಟೆ ಹರಿದೀತು ಎಂದು ಅಳದೆ ಬಿಚ್ಚಿದಳು. ಇಸ್ತ್ರಿ ಹಾಕಿದರೂ ಮಡಿಕೆಯ ಗೆರೆ ಹೋಗಲಿಲ್ಲ.

ಸೊಂಟ ಏಣಿಗೆ ಸರಿಯಾಗಿ ಕೂತಿತು. ಅವತ್ತು ತೆಗೆಯಬೇಕಿದ್ದದ್ದು ಸಿಪಾಯಿಗಳು ಕಾಲುವೆ ದಂಡೆಯಲ್ಲಿ ದಣಿವಾರಿಸಿಕೊಳ್ಳುವ ದೃಶ್ಯ. ಬೂಟು ಬಿಚ್ಚಿ, ಕಾಲು ನೀರಿಗೆ ಬಿಟ್ಟು, ಕಾಲುಚೀಲ ಹಿಂಡುತ್ತ ಒಬ್ಬರನ್ನೊಬ್ಬರು ಛೇಡಿಸುತ್ತಿರುವಾಗ ಫಿರಂಗಿಯ ಶೆಲ್ ಬಂದು ಬೀಳಬೇಕು. ಸದ್ದಿನ ದೃಶ್ಯ ಇದ್ದಾಗಲೆಲ್ಲ ಹೊಲಿಗೆ ಅಕ್ಕ ಮಷಿನ್ನಿನ ಮುಂದೆ ಹೋಗಿ ಕೂತು, ಗುಂಡಿನ ಸದ್ದು ಕಿವಿಗೆ ಬೀಳದಂತೆ ಜೋರಾಗಿ ತುಳಿಯುತ್ತಿದ್ದಳು. ಇವತ್ತು ಕಾಲು ಏಳಲಿಲ್ಲ. ದೀಪದ ಕಂಬ ಹಿಡಿದುಕೊಂಡು ಅಲ್ಲೇ ನಿಂತಳು.

"ಮನೆಯಿಂದ ಕಾಗದ ಬಂತಾ?" ಎಂದ ಏಣಿ. ಧಡ್ಡೆಂದಿತು. ಹೊಗೆ ಸರಿದಾಗ ಅವನು ಅಂಗಾತ ಬಿದ್ದಿದ್ದ. ಮಗನ ಪ್ಯಾಂಟಿನ ಎರಡು ಕಾಲೂ ಅಲುಗದೆ ಅವಳ ಕಡೆಗೇ ಚಾಚಿಕೊಂಡಿದ್ದವು. ಎಲ್ಲ ಸುಳ್ಳು, ಪಟಾಕಿ ಮದ್ದು, ಬಣ್ಣದ ನೀರು ಎಂದು ಗೊತ್ತಿದ್ದೂ, ಏಳೋ, ಏಳಪ್ಪಾ ಎಂದು ಒಳಗೊಳಗೇ ಬೇಡಿಕೊಂಡಳು.

"ಕಟ್!"

ಸತ್ತವರೆಲ್ಲ ಮೈ ಕೊಡವಿಕೊಂಡು ನಗುತ್ತ ಎದ್ದರು. ಏಣಿ ಬರಿಗಾಲಲ್ಲೇ ಓಡಿ ಬಂದ. ಕಾಲಿನ ಸುತ್ತ ಆ ಹೊಸ ಬಣ್ಣದ ಪಟ್ಟಿ, ಅದರ ಕೆಳಗೆ ಒದ್ದೆ ಪಾದ.

"ಹೇಗೆ ಸತ್ತೆ ಅಮ್ಮಾ? ಚೆನ್ನಾಗಿತ್ತಾ?"

ಅವಳು ಅವನ ಮುಖ ನೋಡಲಿಲ್ಲ. ನೆಲದಲ್ಲಿ ಕೂತು, ಪ್ಯಾಂಟಿನ ಅಂಚಿಗೂ ಕಾಲಿನ ಹರಡಿನ ಗಂಟಿಗೂ ನಡುವೆ ಬೆರಳಿಟ್ಟಳು. ಒಂದು ಬೆರಳು ಗಿಡ್ಡ.

"ಇರ್ಲಿ ಬಿಡಿ ಅಮ್ಮಾ," ಎಂದು ಏಣಿ ನಕ್ಕ. "ಸತ್ತವನ ಪ್ಯಾಂಟು ಯಾರು ನೋಡ್ತಾರೆ?"

"ಐದು ಬೆರಳು ಬಿಡಬೇಕಿತ್ತು ಕಣೋ," ಅಂದಳು, ಅಂಚನ್ನು ಮೆಲ್ಲಗೆ ಕೆಳಕ್ಕೆ ಎಳೆಯುತ್ತ. "ನೀನು ಇಷ್ಟುದ್ದ ಬೆಳೀತೀಯ ಅಂತ ನಂಗೇನು ಗೊತ್ತಿತ್ತು?"