ಸುಟ್ಟ ಟ್ಯೂಬಿನ ತೀರ್ಪು

ಭಾವ ಕಿವಿ ಕೆರೆದುಕೊಳ್ಳುತ್ತಿದ್ದ. ಮೆಕ್ಯಾನಿಕ್‌ನ ಸ್ಕ್ರೂಡ್ರೈವರಿನಿಂದ. ಕೆರೆದು, ತುದಿಗೆ ಬಂದದ್ದನ್ನು ಬೆಳಕಿಗೆ ಹಿಡಿದು ಮೆಚ್ಚಿ, ಬನಿಯನ್ನಿಗೆ ಒರೆಸಿ, ವಾಪಸ್ ಡಬ್ಬಿಗೆ ಹಾಕಿದ.

"ಬೇಗ ಹೇಳೋ. ಸುಟ್ಟಿರೋದು ನಿಮ್ಮಕ್ಕನೇ ತಾನೆ?"

"ನೋಡ್ದೆ ಹೇಗೆ ಹೇಳ್ಲಿ ಭಾವ?"

ಎದುರಿಗಿದ್ದದ್ದು ಹಳೇ ಮೂರು ಕಣ್ಣಿನ ಪ್ರೊಜೆಕ್ಟರ್. ಕೆಂಪು, ಹಸಿರು, ನೀಲಿ. ಕಣ್ಣಿಗೊಂದು ಪಿಕ್ಚರ್ ಟ್ಯೂಬ್. ಈಗ ಗೋಡೆಯ ಮೇಲೆ ಏನು ಬಿಟ್ಟರೂ ಕಪ್ಪು ಕಲೆ. ಹಗಲೆಲ್ಲ ಧಾರಾವಾಹಿ ನೋಡಿ ಸುಟ್ಟಳು ಎಂದು ಭಾವ ಹೆಂಡತಿಯನ್ನು ತವರಿಗೆ ಅಟ್ಟಿದ್ದ. ಅಪ್ಪ ಪಂಚಾಯಿತಿ ಮಾಡಿ ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದರು. ತಪ್ಪು ಮಗಳದಾದರೆ ಅವಳು ಮತ್ತೆ ಈ ಹೊಸ್ತಿಲು ತುಳಿಯುವಂತಿಲ್ಲ. ಅಲ್ಲವಾದರೆ ಅತ್ತೆಯೇ ಬಂದು ಕರೆಯಬೇಕು, ಮಗಳು ತುಟಿಪಿಟಕ್ಕೆನ್ನದೆ ಹೊರಡಬೇಕು. ಊರಿನಲ್ಲಿ ಈ ಯಂತ್ರದ ಒಳಗು ಬಲ್ಲವನು ಅವಳ ತಮ್ಮ, ಈ ಮೆಕ್ಯಾನಿಕ್ ಒಬ್ಬನೇ.

"ಸರಿಯಾಗಿ ನೋಡೋ, ನನ್ನ ಬಾಳಿನ ಪ್ರಶ್ನೆ," ಎಂದು ಅಕ್ಕ ಬೆಳಿಗ್ಗೆ ಅವನ ಕೈ ಹಿಡಿದುಕೊಂಡಿದ್ದಳು.

ಮುಚ್ಚಳದ ಮೇಲೆ ಕತ್ತರಿಸಿ ಬಿಟ್ಟ ಕಾಲುಗುರು. ಊದಿ ತೆಗೆದ. ಒಳಗೆ ಫ್ಯಾನಿಗೆ ಸುತ್ತಿದ ಕೂದಲು, ಜಿರಳೆ ಮೊಟ್ಟೆ, ಚೀಪಿ ಬಿಟ್ಟ ಪೆಪ್ಪರ್‌ಮೆಂಟು. ನೀಲಿ ಟ್ಯೂಬಿನ ಮುಂದೆ, ಅದನ್ನು ತಂಪಾಗಿಡುವ ದ್ರವದಲ್ಲಿ ಬೂಷ್ಟು ಸಿಂಬಳದಂತೆ ತೇಲುತ್ತಿತ್ತು.

"ನನ್ನ ಮಗ ಭಾರಿ ಕ್ಲೀನು," ಎಂದರು ಅತ್ತೆ.

"ಕಾಣ್ತಿದೆ ಅತ್ತೆ."

ಲೆನ್ಸಿನೊಳಗೆ ಟಾರ್ಚ್ ಬಿಟ್ಟು ಇಣುಕಿದ. ಓಡುವ ಚಿತ್ರ ಟ್ಯೂಬಿಗೆ ಕಲೆ ಮಾಡುವುದಿಲ್ಲ. ದಿನಗಟ್ಟಲೆ ಅಲ್ಲಾಡದೆ ಕೂತ ಚಿತ್ರ ಮಾತ್ರ ತನ್ನ ಆಕಾರವನ್ನು ಸುಟ್ಟು ಬಿಟ್ಟುಹೋಗುತ್ತದೆ. ಧಾರಾವಾಹಿಯಲ್ಲಿ ಅತ್ತೆ ಸೊಸೆ ಒಂದು ಕ್ಷಣ ಸುಮ್ಮನೆ ಕೂತದ್ದುಂಟೆ?

ಮೂರು ಟ್ಯೂಬಿನಲ್ಲೂ ತಲೆಕೆಳಗಾದ ಇಸ್ಪೀಟೆಲೆಗಳ ಸಾಲು. ಕಂಪ್ಯೂಟರಿನಲ್ಲಿ ಒಬ್ಬರೇ ಕೂತು ಆಡುವ ಆಟ. ಪ್ರೊಜೆಕ್ಟರಿಗೆ ಜೋಡಿಸಿದ್ದ ಕಂಪ್ಯೂಟರನ್ನು ಭಾವ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಈಗಲೂ ಅದರ ಮೌಸ್ ಜಿಡ್ಡಿನಿಂದ ಮಿರಮಿರ ಮಿಂಚುತ್ತಿತ್ತು.

ಮೆಕ್ಯಾನಿಕ್ ತಟ್ಟನೆ ಟಾರ್ಚ್ ಆರಿಸಿದ.

"ಏನ್ ಕಾಣ್ತೋ? ಸರಿ, ನಾನೂ ನೋಡ್ತೀನಿ." ಭಾವ ಬಗ್ಗಿದ. ಜೊತೆಗೊಂದು ತೇಗು, ಹುಳಿ ವಾಸನೆ ಸಮೇತ.

"ಬೇಡಿ ಭಾವ. ಬೂಷ್ಟು, ಮೂಗಿಗೆ ಹೋಗತ್ತೆ." ಮೆಕ್ಯಾನಿಕ್ ಲೆನ್ಸಿಗೆ ಅಡ್ಡ ನಿಂತ. ಮೂರು ಟ್ಯೂಬಾದರೂ ಒಂದು ಕಾಲದಲ್ಲಿ ಬೆಳಗಿದವು; ಈ ನಾಲ್ಕನೆಯ ಟ್ಯೂಬ್‌ಲೈಟು ಹುಟ್ಟಿದಾಗಿನಿಂದ ಹತ್ತಿಯೇ ಇಲ್ಲ ಎನ್ನಿಸಿತು.

"ಮೂರೂ ಹೋಗಿವೆ," ಎಂದ. "ಅಕ್ಕನ ಧಾರಾವಾಹಿನೇ. ಅನುಮಾನವೇ ಬೇಡ."

"ಹೇಳಿರ್ಲಿಲ್ವಾ ಅಮ್ಮಾ!" ಭಾವ ತೊಡೆ ತಟ್ಟಿದ.

"ಇನ್ನು ಅವಳು ಈ ಕಡೆ ತಲೆ ಹಾಕಿ ಮಲಗೋ ಹಾಗೂ ಇಲ್ಲ," ಎಂದರು ಅತ್ತೆ.

"ಅಪ್ಪಂಗೆ ನೀವೇ ಫೋನ್ ಮಾಡಿ ಹೇಳ್ಬಿಡಿ ಅತ್ತೆ. ಈಗ್ಲೇ."

ಬೀದಿಗೆ ಬಂದವನೇ ಸ್ಕ್ರೂಡ್ರೈವರನ್ನು ಚರಂಡಿಗೆ ಎಸೆದ. ಕೈ ಒರೆಸಿಕೊಂಡು ಅಕ್ಕನಿಗೆ ಫೋನ್ ಮಾಡಿದ. ಮೊದಲ ರಿಂಗಿಗೇ ಆ ಕಡೆಯಿಂದ ಭಾವನದೇ ದನಿ, ತೇಗಿನ ಸಮೇತ:

"ಬೇಗ ಹೇಳೋ. ಸುಟ್ಟಿರೋದು ನಿಮ್ಮಕ್ಕನೇ ತಾನೆ?"

"ನೀನೇ ಅಕ್ಕ. ಮೂರೂ ನೀನೇ."

"ಅಬ್ಬಾ," ಎಂದಳು ಅಕ್ಕ, ಅಣಕ ಬಿಟ್ಟು ತನ್ನ ದನಿಯಲ್ಲಿ. "ಬದುಕಿದೆ!"