ಕಡ ತಂದ ಕಪ್ಪೆ

ಮಣ್ಣಿಗೆ ಬಂದಿದ್ದ ಬೀಗರು, ನೆಂಟರೆಲ್ಲ ಊರಿಗೆ ಮರಳಿದ ಮಾರನೆಯ ಮುಂಜಾನೆ ಶಾಂಭವಿ ಗಂಡ ವೀರೇಶನ ಬಟ್ಟೆ ಒಗೆಯಲೆಂದು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿದಳು. ಬೆರಳಿಗೆ ಏನೋ ಚುಚ್ಚಿತು. ಆಸ್ಪತ್ರೆಯವರು ಹೆಣದ ಜೊತೆ ಗಂಟು ಕಟ್ಟಿ ಕೊಟ್ಟಿದ್ದ ಚೀಲ ಅದು. ಬಿಚ್ಚುವ ಧೈರ್ಯ ಇಷ್ಟು ದಿನ ಯಾರಿಗೂ ಆಗಿರಲಿಲ್ಲ. ಒದ್ದೆ ಪ್ಯಾಂಟಿನ ಜೇಬಿನಿಂದ ಅವಳು ಹೊರತೆಗೆದದ್ದು ಒಂದು ಕಪ್ಪೆ. ಹಸಿರು ರಬ್ಬರಿನದು, ಹೆಬ್ಬೆರಳಿಗಿಂತ ತುಸು ದಪ್ಪ, ಬೆನ್ನಿಗೆ ಅಂಟಿಕೊಂಡಂತೆ ಎರಡು ಕೊಕ್ಕೆ.

ಹಿಂದೆ ಅತ್ತೆ ಬಸವಣ್ಣೆವ್ವ ಬಂದು ನಿಂತಿದ್ದಳು.

"ಏನದು?"

"ಗೊತ್ತಿಲ್ಲತ್ತಿ."

"ನಿನಗ ಏನರ ಗೊತ್ತೈತಿ? ಧಾರವಾಡದಾಗ ಎಂ.ಎ. ಕಲತ ಬಂದಾಕಿ. ಅವತ್ತ ಮುಂಜಾನಿ ಅವಗ ಏನಂದಿ, ಅದನ್ನರ ಹೇಳು."

ಅಂದದ್ದು ಶಾಂಭವಿಗೆ ಅಕ್ಷರಕ್ಷರ ನೆನಪಿತ್ತು. ಭಾನುವಾರ ಶಿರಹಟ್ಟಿಯ ತವರಿಗೆ ಜೊತೆಗೆ ಬರುತ್ತೇನೆಂದಿದ್ದ ವೀರೇಶ, ಹೊರಡುವ ಹೊತ್ತಿಗೆ ಪ್ರೆಸ್ಸಿಗೆ ಲಗ್ನಪತ್ರಿಕೆಯ ಆರ್ಡರಿದೆ, ಡಂಬಳಕ್ಕೆ ಹೋಗಬೇಕು ಎಂದು ಗಾಡಿ ಚಾಲೂ ಮಾಡಿದ್ದ. 'ಹೋಗ್ರಿ. ತಿರುಗಿ ಬರದಿದ್ರೂ ನಡೀತೈತಿ' ಎಂದಿದ್ದಳು. ಸಂಜೆ ಡಂಬಳದ ಕೆರೆಯಲ್ಲಿ ಅವನ ಹೆಣ ಸಿಕ್ಕಿತು. ಹೆಂಡತಿ ಏನೋ ಅಂದಿರಬೇಕು, ಹಾರಿಕೊಂಡ ಎಂದು ಬೆಟಗೇರಿಯ ಓಣಿ ತೀರ್ಮಾನ ಮಾಡಿತ್ತು. ಶಾಂಭವಿಯೂ ಅದನ್ನೇ ನಂಬಿದ್ದಳು.

ಹೊರಗೆ ಯಾರೋ ಕೆಮ್ಮಿದರು. ಡಂಬಳದ ಪಂಚರ್ ಅಂಗಡಿಯ ಸಕ್ರಪ್ಪ ಎಂದು ಹೇಳಿಕೊಂಡು, ಚಪ್ಪಲಿ ದೂರ ಬಿಟ್ಟು, ಕಟ್ಟೆಯ ತುದಿಗೆ ಕುಳಿತ. ಮಂದಿ ಇದ್ದಾಗ ಬರಲು ಮನಸ್ಸು ಒಪ್ಪಲಿಲ್ಲ ಎಂದ. ಅಷ್ಟರಲ್ಲಿ ಶಾಂಭವಿಯ ಕೈಯಲ್ಲಿದ್ದದ್ದು ಕಣ್ಣಿಗೆ ಬಿತ್ತು.

"ಅದು ಎಲ್ಲಿ ಸಿಕ್ತರಿ ಅಕ್ಕಾರ?"

"ಅವರ ಕಿಸೇದಾಗ."

ಸಕ್ರಪ್ಪ ಕಟ್ಟೆಯಿಂದ ಅರ್ಧ ಎದ್ದು ಮತ್ತೆ ಕುಳಿತ. "ನಂದರಿ ಅದು. ವೀರೇಶಣ್ಣಾರು ಕಡಾ ಒಯ್ದಿದ್ರು. ಮೀನ ಹಿಡ್ಯಾಕ."

ಬಸವಣ್ಣೆವ್ವನ ಕೈ ಸೆರಗಿನೊಳಗಿನ ಲಿಂಗಕ್ಕೆ ಹೋಯಿತು. "ಏ ತಮ್ಮಾ, ಯಾರ ಮನಿ ಕಟ್ಟಿಮ್ಯಾಲೆ ಕುಂತು ಏನ ಮಾತಾಡಾಕತ್ತಿ? ನಮ್ಮ ಮನ್ಯಾಗ ತತ್ತಿ ಸೈತ ತರಂಗಿಲ್ಲ."

"ತಿನ್ನಾಕಲ್ರಿ ಯವ್ವಾ. ಹಿಡದು, 'ಹೋಗಪಾ, ನಿಮ್ಮವ್ವ ಹಾದಿ ನೋಡತಿರತಾಳ' ಅಂತ ಮತ್ತ ನೀರಿಗೆ ಬಿಡತಿದ್ರು. ನಾವು ಬಿದ್ದ ಬಿದ್ದ ನಗತಿದ್ವಿ. ಆಮ್ಯಾಲೆ ನಮ್ಮ ಅಂಗಡ್ಯಾಗ ನಿಂಬಿಹಣ್ಣ ತಿಕ್ಕಿ ಕೈ ತೊಳಕೊಂಡು ಮನಿ ಕಡೆ ಬರತಿದ್ರು, ನಿಮಗ ವಾಸನಿ ಬರಬಾರದಂತ."

"ಮೀನ ಹಿಡ್ಯಾಕ ರಬ್ಬರ ಕಪ್ಪಿ ಯಾಕ?" ಶಾಂಭವಿ ಕೇಳಿದಳು.

"ಬ್ಯಾಸಗ್ಯಾಗ ಕೆರಿ ಇಂಗತೈತ್ರಿ. ಕೊರವ ಮೀನ ಅಂತರಗಂಗಿ ಬುಡಕ ಹೊಕ್ಕೊಂಡು ಕುಂತಬಿಡತಾವು. ಎರಿಹುಳಕ್ಕ ಬಾಯಿ ತಗ್ಯಂಗಿಲ್ಲ, ಬರೇ ಗಾಳ ಒಗದ್ರ ಎಲಿಗೆ ಸಿಕ್ಕೊಂತೈತಿ. ಈ ಕಪ್ಪಿದು ಕೊಕ್ಕಿ ಬೆನ್ನಿಗೆ ಅಡಕೊಂಡಿರತೈತಿ, ನೋಡ್ರಿ, ಎಲಿ ಮ್ಯಾಲೆ ಜಾರತೈತಿ." ಅವನ ಕೈ ತಾನಾಗಿ ಗಾಳಿಯಲ್ಲಿ ಎಸೆತದ ಆಟ ಆಡತೊಡಗಿತು. "ಒಗದು ಸುಮ್ನ ನಿಂದ್ರಬೇಕು. ತೆರಿ ಅಡಗೂತನಕ ಮಿಸಕಬಾರದು. ಆಮ್ಯಾಲೆ ಸಣ್ಣಗ ಒಮ್ಮಿ ಜಗ್ಗಬೇಕು, ಅಂವ ಬುಡಕಿಂದ ಬಂದು…" ಎತ್ತಿದ ಕೈ ಹಾಗೇ ನಿಂತಿತು. ಅದನ್ನು ಇಳಿಸಿ ತೊಡೆಯ ಕೆಳಗಿಟ್ಟುಕೊಂಡ.

"ನಿನ್ನಿ ಕೆರಿಗೆ ಹೋಗಿದ್ನಿರಿ. ಗಾಳದ ಕೋಲು ಜಾಲಿಕಂಟ್ಯಾಗ ಆನಿಸಿಟ್ಟಿದ್ರು, ಪೊಲೀಸರಿಗೆ ಕಂಡಿಲ್ಲ. ದಾರ ನೀರಾಗಿನ ಗಿಡದ ಬೊಡ್ಡಿಗೆ ಸುತ್ತಿತ್ತು. ತುದಿ ಹಲ್ಲಿಲೆ ಕಡದಂಗಿತ್ತು. ಎಲಿಗೆ ಸಿಗದ ಕಪ್ಪಿ ಬೊಡ್ಡಿಗೆ ಸಿಗತೈತ್ರಿ. ಸಿಕ್ಕರ ಯಾರೂ ನೀರಿಗೆ ಇಳ್ಯಂಗಿಲ್ಲ, ದಂಡಿಮ್ಯಾಗ ನಿಂತು ದಾರ ಕೊಯ್ದು ಬರತೀವಿ. ಹೋತು ಅಂದ್ರ ಹೋತು. ಇವರು ಇಳದಾರ. ಬಿಡಿಸಿ ಕಿಸೇದಾಗ ಇಟಗೊಂಡಾರ. ತಿರುಗಿ ಬರೂಮುಂದ ರಾಡ್ಯಾಗ ಕಾಲು ಹುಗದಾವು."

"ಯಾಕ ಇಳದ್ರು?"

"ನಾನ ಅಂದಿದ್ನಿರಿ. ಚ್ಯಾಷ್ಟಿಗೆ. 'ಇದನ್ನ ಕಳದ್ರ ತಿರುಗಿ ನನ್ನ ಅಂಗಡಿ ಕಡೆ ಬರಬ್ಯಾಡ್ರಿ' ಅಂತ."

ಶಾಂಭವಿ ಚೀಲದಿಂದ ಪ್ಯಾಂಟು ಎಳೆದು ನೋಡಿದಳು. ಎರಡೂ ಕಾಲು ಮೊಣಕಾಲತನಕ ಓರಣವಾಗಿ ಮಡಚಿತ್ತು. ಮಡಿಕೆಯೊಳಗೆ ಕಪ್ಪು ರಾಡಿ. ಸಾಯಲು ಹಾರುವವನು ಪ್ಯಾಂಟು ಮಡಚಿಕೊಳ್ಳುವುದಿಲ್ಲ. ಎದೆಯ ಮೇಲಿನ ಕಲ್ಲು ಈಗ ಇಳಿಯಬೇಕಿತ್ತು, ಇಳಿಯಲಿಲ್ಲ. ಅವನು ಅವಳ ಮಾತಿಗೆ ಸತ್ತಿರಲಿಲ್ಲ. ಕೆರೆಗೆ ಇಳಿಯುವಾಗ ಅವಳ ಮಾತು ಅವನಿಗೆ ನೆನಪಿತ್ತೋ ಇಲ್ಲವೋ. ನಗಲೆಂದು ಯಾರೋ ಆಡಿದ ಇನ್ನೊಂದು ಮಾತು ಮಾತ್ರ ನೆನಪಿತ್ತು.

ಬಸವಣ್ಣೆವ್ವ ಗೋಡೆ ಹಿಡಿದು ಕುಳಿತಳು. ಸೊಸೆಯ ಮುಖ ನೋಡದೆ ಅಂದಳು, "ಅದನ್ನ ಒಲ್ಯಾಗ ಹಾಕ ಶಾಂಭವಿ."

"ಕಡಾ ತಂದಿದ್ದತ್ತಿ."

ಅವಳು ಕಟ್ಟೆಯ ಬಳಿ ಹೋಗಿ ಕೈ ಚಾಚಿದಳು. ಸಕ್ರಪ್ಪ ಹಿಂದೆ ಸರಿದ. "ಬ್ಯಾಡ್ರಿ ಅಕ್ಕಾರ, ನಿಮ್ಮ ಕಾಲ ಬೀಳತೀನಿ."

"ನಿಮಗ ಕೊಡಾಕಂತನ ತಗೊಂಡು ಹೊಂಟಿದ್ರಲ್ಲ. ಹಿಡೀರಿ."

ಅವನ ಅಂಗೈ ಬಿಡಿಸಿ ಕಪ್ಪೆಯನ್ನು ಇಟ್ಟಳು. ನೀರಿನಿಂದ ತೆಗೆದ ಕಪ್ಪೆಯ ಟೊಳ್ಳು ಹೊಟ್ಟೆಯನ್ನು ಹಿಂಡಿ ಖಾಲಿ ಮಾಡುವುದು ಗಾಳದವರಿಗೆ ಮೈಗಂಟಿದ ರೂಢಿ. ಅವನಿಗೆ ಅರಿವಿಲ್ಲದೆಯೇ ಬೆರಳುಗಳು ಮುಚ್ಚಿಕೊಂಡು ಹಿಂಡಿದವು. ಡಂಬಳದ ಕೆರೆಯ ಕಂದು ನೀರು ಅವನ ಮಣಿಕಟ್ಟಿನಿಂದ ಇಳಿದು, ಹೊಸ್ತಿಲ ಮುಂದೆ ತೊಟ್ಟಿಕ್ಕಿತು.