ಗಡಿಗೆಯೊಳಗಿನ ಒಂದು ಕಾಳು

ಏಕನಾಥ ಮಾಸ್ತರರು ಗ್ರಂಥಾಲಯದ ಕಟ್ಟೆಯ ಮೇಲೆ ಟವಲು ಹಾಸಿ ಗಡಿಗೆಯನ್ನು ಬೋರಲು ಹಾಕಿದರು. ಎಣಿಸಿದರೆ ಅರವತ್ಮೂರು ಕಡಲೆ, ಒಂದೇ ಒಂದು ಹೆಸರುಕಾಳು.

"ಯಾಂವಲೇ ಅಂವ, ದೇಶದ್ರೋಹಿ?" ಎಂದು ಹಿಂದಿನಿಂದ ಯಾರೋ ಕೂಗಿದರು.

ಗಡಿಯಲ್ಲಿ ಗುಂಡಿನ ಗದ್ದಲ ಶುರುವಾಗಿ ಅದು ನಾಲ್ಕನೆಯ ದಿನ. ಟೀವಿಯವರು ದೇಶದ ಅಭಿಪ್ರಾಯ ಕೇಳುತ್ತಾರೆ, ಗುಡಗೇರಿಯನ್ನು ಮಾತ್ರ ಯಾರೂ ಕೇಳುವುದಿಲ್ಲ ಎಂದು ನಿವೃತ್ತ ಮಾಸ್ತರರಿಗೆ ಸಿಟ್ಟು. ಅದಕ್ಕೇ ಈ ಮತದಾನ. ವೈರಿಯ ಮೇಲೆ ಅಣುಬಾಂಬು ಹಾಕಲೇಬೇಕು ಅನ್ನುವವರು ಕಡಲೆ, ಬೇಡ ಅನ್ನುವವರು ಹೆಸರು. ಎರಡೂ ಕಾಳನ್ನು ಮನೆಯಿಂದಲೇ ತರಬೇಕು, ಮುಷ್ಟಿ ಕಟ್ಟಿ ಗಡಿಗೆಯೊಳಗೆ ಕೈ ಇಳಿಸಬೇಕು, ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದುಕೊಂಡು ಬರಬೇಕು. ಫಲಿತಾಂಶವನ್ನು ರಿಜಿಸ್ಟರ್ಡ್ ಟಪಾಲಿನಲ್ಲಿ ದಿಲ್ಲಿಗೆ ಕಳಿಸುವುದೆಂದು ಠರಾವಾಗಿತ್ತು. ಬಾಂಬು ಹಾಕಲು ದಿಲ್ಲಿಯವರು ಗುಡಗೇರಿಯ ಟಪಾಲಿಗೇ ಕಾಯುತ್ತ ಕೂತಿದ್ದರೋ ಏನೋ!

ಗುಪ್ತ ಮತದಾನ ಎಂದು ಮುಂಜಾನೆ ತಾವೇ ಸಾರಿದ್ದನ್ನು ಮಾಸ್ತರರು ಸಂಜೆಯೊಳಗೆ ಮರೆತಿದ್ದರು. "ಅಂದಾನೆಪ್ಪಾ, ಬಾರೋ ಮುಂದ. ಇದು ಯಾರ ಹೊಲದ ಕಾಳು ಹೇಳು, ನೋಡೂಣು."

ಹೇಳಬಲ್ಲವನು ಊರಲ್ಲಿ ಅವನೊಬ್ಬನೇ. ಮೂವತ್ತು ವರ್ಷದಿಂದ ಕಾಳಿನ ದಲಾಲಿ. ಕಾಳನ್ನು ಅಂಗೈಯಲ್ಲಿ ಹೊರಳಿಸಿ, ಹಲ್ಲಿನಲ್ಲಿ ಕಟಕ್ಕನೆ ಕಡಿದು, ಬಾಜೂಕೆ ಉಗುಳಿ, ಇದು ಇಂಥವರ ಹೊಲದ್ದು, ಇನ್ನೆರಡು ದಿನ ಬಿಸಿಲು ಕಾಣಬೇಕು ಎಂದು ಹೇಳಿಬಿಡುವ ಆಸಾಮಿ.

ಗುಂಪಿನ ನಡುವೆ ನಿಂತಿದ್ದ ಅಂದಾನೆಪ್ಪ ಕಾಲೆಳೆಯುತ್ತ ಮುಂದೆ ಬಂದ. ಟವಲಿನ ಮೇಲಿದ್ದದ್ದು ಅವನದೇ ಕಾಳು. ಅವನ ಅಪ್ಪನ ಕಾಲದಿಂದ ಮನೆಯಲ್ಲೇ ಕಾಯ್ದಿಟ್ಟುಕೊಂಡು ಬಂದ ಸಣ್ಣ ಕಾಳಿನ ತಳಿ, ಅವನೊಬ್ಬನನ್ನು ಬಿಟ್ಟು ಊರಲ್ಲಿ ಈಗ ಯಾರೂ ಬಿತ್ತುವುದಿಲ್ಲ. ಹಿಂದಿನ ಸಂಜೆ ಇದೇ ಕಟ್ಟೆಯ ಮೇಲೆ "ಹಾಕ್ರಿ ಬಾಂಬು, ಒಮ್ಮೆ ಸಾಫ್ ಆಗ್ಲಿ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನೂ ಅವನೇ. ಆದರೆ ಗಡಿಗೆಯೊಳಗೆ ಕೈ ಇಳಿದಾಗ, ಬಾಂಬು ಬಿದ್ದಲ್ಲಿ ಮಣ್ಣೇ ಕೆಟ್ಟುಹೋಗುತ್ತದೆಂದು ಎಂದೋ ಓದಿದ್ದು ನೆನಪಾಗಿತ್ತು. ಗಡಿಯ ಆ ಕಡೆಯೂ ಯಾರೋ ಬೀಜ ಹಿಡಿದುಕೊಂಡು ಮಳೆ ಕಾಯುತ್ತಿರಬೇಕಲ್ಲ ಅನ್ನಿಸಿತ್ತು. ಬೆರಳು ಹೆಸರನ್ನೇ ಬಿಟ್ಟಿತ್ತು.

ಅವನು ಕಾಳನ್ನು ಅಂಗೈಯಲ್ಲಿ ಇಟ್ಟುಕೊಂಡ. ಹೊರಳಿಸಿದ. ಅರವತ್ಮೂರು ಮಂದಿ ಅವನ ಬಾಯನ್ನೇ ನೋಡುತ್ತಿದ್ದರು. ಕಾಳು ಬಾಯಿಗೆ ಹೋಯಿತು. ಕಡಿದ, ಅಗಿದ, ನುಂಗಿಬಿಟ್ಟ.

"ಸಂತಿ ಕಾಳ್ರಿ ಮಾಸ್ತರ್ರ" ಎಂದ. "ನಮ್ಮೂರ ಹೊಲದ್ದಲ್ಲ ಇದು."

ತನ್ನ ಕಾಳೆಂದು ಯಾರ ತಲೆಗೂ ಬರಲಿಲ್ಲ, ಅಂತೂ ಪಾರಾದೆ ಎಂದು ಅವನು ಉಸಿರು ಬಿಟ್ಟ. ಅಷ್ಟರಲ್ಲಿ ಮಾಸ್ತರರ ಕಣ್ಣು ಸಣ್ಣದಾಯಿತು. "ಸಂತಿ ಕಾಳು ಅಂದ್ರ, ಹೊಲ ಇಲ್ದಾರು ಹಾಕ್ಯಾರ."

ಅಲ್ಲಿದ್ದವರೆಲ್ಲ ಹೊಲಮನೆಯವರು. ಸಂತೆಯಲ್ಲಿ ಪಾವು ಕಿಲೋ ಲೆಕ್ಕದಲ್ಲಿ ಕಾಳು ಕೊಳ್ಳುವವಳು ಒಬ್ಬಳೇ, ಕಟ್ಟೆಯ ಬಾಜು ಚಹಾದ ಗಾಡಿ ಹಚ್ಚುವ ಮೌಲಾಬಿ. ಮುಂಜಾನೆ "ನೀನೂ ಹಾಕವಾ, ನೀನೇನು ಈ ದೇಶದಾಕಿ ಅಲ್ಲೇನು?" ಎಂದು ಮಾಸ್ತರರೇ ಅವಳನ್ನು ಕರೆದು ಹಾಕಿಸಿದ್ದರು. ಅಷ್ಟೂ ಮುಖಗಳು ಆ ಕಡೆ ತಿರುಗಿದವು.

"ಮೌಲಾಬೀ, ಏನ ಹಾಕಿದಿ?"

"ಕಡ್ಲಿ ಹಾಕೀನ್ರಿ."

"ಖರೇ ಹೇಳು."

"ಖರೇನ ಹೇಳಾಕತ್ತೀನ್ರಿ ಮಾಸ್ತರ್ರ" ಎಂದಳು ಮೌಲಾಬಿ, ಕೈಯಲ್ಲಿದ್ದ ಸೋಸುವ ಅರಿವೆ ಹಿಂಡುತ್ತ. "ಹೆಸರ ಹಾಕೂವಷ್ಟು ಧೈರ್ಯಾ ನಮ್ಮಂಥಾರಿಗೆ ಎಲ್ಲಿಂದ ಬರಬೇಕ್ರಿ?"

ಗುಂಪಿನಲ್ಲೊಬ್ಬ ಕಿಸಕ್ಕನೆ ನಕ್ಕ. ಮಾಸ್ತರರು ಟವಲು ಝಾಡಿಸಿ ಹೆಗಲಿಗೆ ಹಾಕಿಕೊಂಡರು. "ನಾಳಿಂದ ಗಾಡಿ ಇಲ್ಲಿ ಬ್ಯಾಡ. ಸ್ಟೇಷನ್ ಆಚಿಕಡೆ ಎಲ್ಲ್ಯಾದ್ರೂ ಹಚ್ಚಿಕೊ."

ಅದು ನಂದು. ಎರಡೇ ಮಾತು, ಹೇಳಿದ್ದರೆ ಸಾಕಿತ್ತು. ಅಂದಾನೆಪ್ಪನ ಬಾಯಿ ತೆರೆಯಿತು. ಇಡೀ ಸಂತೆಗೆ ಕೇಳುವಂತೆ ಕಾಳಿನ ಹರಾಜು ಕೂಗುವ ಬಾಯಿ ಅದು. ತೆರೆದದ್ದು ಹಾಗೇ ಮುಚ್ಚಿತು. ಥೂ, ಗಂಡಸೇನೋ ನೀನು, ಎಂದು ತನಗೆ ತಾನೇ ಅಂದುಕೊಂಡ. ಅಂದುಕೊಂಡದ್ದಷ್ಟೇ, ಕಾಲು ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ಅರವತ್ನಾಲ್ಕಕ್ಕೆ ಅರವತ್ಮೂರು ಎಂದು ಮಾಸ್ತರರು ಕಾಗದದಲ್ಲಿ ಬರೆದರು, ಮಂದಿ ಚಪ್ಪಾಳೆ ತಟ್ಟಿದರು, ಅವನೂ ತಟ್ಟಿದ.

ಗುಂಪು ಕರಗಿತು. ಅಂದಾನೆಪ್ಪ ಕಟ್ಟೆಯ ತುದಿಯಲ್ಲಿ ಕೂತೇ ಇದ್ದ. ಮೌಲಾಬಿ ಸ್ಟೋವ್ ಆರಿಸಿದಳು, ಗ್ಲಾಸು ತೊಳೆದು ಬುಟ್ಟಿಗೆ ತುಂಬಿದಳು, ಗಾಡಿಯ ಮೇಲಿನ ತಾಡಪತ್ರಿಯನ್ನು ಬಿಚ್ಚಿ ಮಡಚಿದಳು. ಇಪ್ಪತ್ತು ವರ್ಷದಿಂದ ಅವಳ ಗಾಡಿ ನಿಂತಿದ್ದ ಜಾಗ ಅದು. ತಪೇಲಿಯಲ್ಲಿ ಉಳಿದಿದ್ದ ಚಹಾವನ್ನು ಗ್ಲಾಸಿಗೆ ಬಗ್ಗಿಸಿಕೊಂಡು ಅವನ ಮುಂದೆ ತಂದಿಟ್ಟಳು.

ಅವನು ತಲೆ ಎತ್ತಲಿಲ್ಲ. "ಮೌಲಾಬೀ, ನಾಳಿ ನಾ ಮಾಸ್ತರ್ಗ ಒಂದ ಮಾತು ಹೇಳಿ..."

"ಇರ್ಲಿ ಬಿಡ್ರಿ ಅಣ್ಣಾರ. ಮೊದ್ಲು ಚಾ ಕುಡೀರಿ" ಎಂದಳು ಅವಳು. "ದಿನಾ ಉಗುಳಾವ್ರು ಇವತ್ತ ಕಾಳು ನುಂಗಿದ್ರಿ. ಗಂಟಲದಾಗ ಸಿಕ್ಕೊಂಡಿದ್ದೀತು."